ಇಳಿಜಾರಿನಲ್ಲಿ ಡ್ರೈವರ್ ಸಾಹೇಬರು

ದೊಡ್ಡಬೆಳವಂಗಲದ ಶಾಲೆಗೆ ಟೀಚರಾಗಿ ನಾನು ದಿನವೂ ಹೋಗುತ್ತಿದ್ದ ಬಸ್ಸನ್ನು ಓಡಿಸುತ್ತಿದ್ದವರನ್ನು ಎಲ್ಲರೂ ಡ್ರೈವರ್ ಸಾಹೇಬರು ಎನ್ನುತ್ತಿದ್ದರು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಇದ್ದಿಲು ಉಳಿಸಲೆಂದು ಬೇರೆ ಡ್ರೈವರುಗಳು ಇಳಿಜಾರಿನಲ್ಲಿ ಗೇರ್ ತೆಗೆದು ಬಸ್ಸನ್ನು ಹಾಗೇ ಹರಿಯಬಿಡುತ್ತಿದ್ದರು. ಇವರು ಮಾತ್ರ ಸಣ್ಣ ಗೇರಿಗೆ ಹಾಕಿ, ಇಂಜಿನ್ನಿನ ಸದ್ದಿಗೆ ತಲೆ ವಾಲಿಸಿ, ನಿಧಾನವಾಗಿ ಇಳಿಸುತ್ತಿದ್ದರು.

ಒಂದು ದಿನ ಬಸ್ಸಿನ ಮಾಲೀಕರೇ ಪಕ್ಕದಲ್ಲಿ ಕೂತಿದ್ದರು. “ಗೇರ್ ತೆಗಿಯಪ್ಪಾ, ಗಾಡಿ ತಾನೇ ಹೋಗ್ತದೆ,” ಎಂದರು.

“ತಾನೇ ಹೋಗೋದಾದ್ರೆ ನಾನ್ಯಾಕೆ ಬೇಕು, ಧಣಿ?” ಯಾರು ಹೇಳಿದರೂ ಸಾಹೇಬರದು ಇದೇ ಉತ್ತರ.

“ಹಂಗಾದ್ರೆ ನಾಳೆಯಿಂದ ಬರ್ಬೇಡ.”

ಸಾಹೇಬರು ಗೇರ್ ತೆಗೆಯಲಿಲ್ಲ. ಇಳಿಜಾರಿನ ನಡುವೆ ಬ್ರೇಕು ಕೈಕೊಟ್ಟಿತು. ಎದುರಿಗೆ ರಸ್ತೆ ತುಂಬ ಸೌದೆಯ ಎತ್ತಿನಗಾಡಿ. ಸಣ್ಣ ಗೇರಿನಲ್ಲಿದ್ದ ಇಂಜಿನ್ನು ಚೀರುತ್ತಲೇ ಚಕ್ರಗಳನ್ನು ಹಿಡಿದುಕೊಂಡಿತು. ಅವರು ಬಸ್ಸನ್ನು ಪಕ್ಕದ ಹೊಲಕ್ಕೆ ತಿರುಗಿಸಿ ನಿಲ್ಲಿಸಿದರು.

ಮಾಲೀಕರು ಬೆವರು ಒರೆಸಿಕೊಂಡು, “ನಾಳೆ ಬಾರಪ್ಪಾ,” ಎಂದಷ್ಟೇ ಹೇಳಿ ಇಳಿದರು.

“ಟೀಚರಮ್ಮ, ಒಂದು ಗುಟುಕು ನೀರು,” ಎಂದು ಸಾಹೇಬರು, ನಮ್ಮವರ ಚೊಂಬು ತಾವು ಮುಟ್ಟಬಾರದೆಂಬ ಊರ ರೂಢಿಯಂತೆ, ನನ್ನತ್ತ ಬೊಗಸೆ ಒಡ್ಡಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಸುರಿದ ನೀರೆಲ್ಲ ಚೆಲ್ಲಿಹೋಯಿತು. ಬಸ್ಸಿನಲ್ಲಿದ್ದ ಊರಿನವರೆಲ್ಲ ನೋಡುತ್ತಿದ್ದಂತೆ ನಾನು ನನ್ನ ಚೊಂಬನ್ನೇ ಅವರ ತುಟಿಗೆ ಹಿಡಿದೆ. ಅಂದು ಯಾರೂ ಮೈಲಿಗೆ ಎನ್ನಲಿಲ್ಲ.