ಮೊಂಬಾಸಾ ಬಂದರಿನಲ್ಲಿ ಅಣ್ಣ

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಬಿಳಿ ದೊರೆ ಕಾಫಿ ತೋಟ ಮಾರಿ, ತನ್ನದೇ ಹಾಯಿಹಡಗಿನಲ್ಲಿ ಆಫ್ರಿಕಕ್ಕೆ ಹೊರಟ. ಮೈಸೂರಿನ ಜಯಲಕ್ಷ್ಮಿಪುರಂನ ಅವನ ಬಂಗಲೆಯಲ್ಲಿ ನಾನು ಅಡುಗೆಯವನು. ಬೊಂಬಾಯಿಯಿಂದ ಮೊಂಬಾಸಾದವರೆಗೆ ಅಡುಗೆಗೆ ಬಾ ಎಂದಾಗ ನಾನು ಒಪ್ಪಿದ್ದು ಅವನ ಮೇಲಿನ ಪ್ರೀತಿಗಲ್ಲ. ಅಲ್ಲಿ ನನ್ನ ಅಣ್ಣನಿದ್ದ, ಮರದ ಮಂಡಿಯೊಂದರಲ್ಲಿ ಗುಮಾಸ್ತ. 'ಬಂದ್ಬುಡು, ಹೋಟ್ಲಲ್ಲಿ ಕೆಲ್ಸ ನೋಡಿದೀನಿ, ಜಾಮೀನಿಗೆ ನಾನ್ ನಿಲ್ತೀನಿ' ಎಂದು ಬರೆದಿದ್ದ. ಅಲ್ಲಿರುವ ಸಂಬಂಧಿಕರು ಜಾಮೀನು ನಿಂತರೆ ಮಾತ್ರ ನನ್ನಂಥವನು ಹಡಗಿನಿಂದಿಳಿದು ಅಲ್ಲೇ ಉಳಿಯಬಹುದಿತ್ತು.

ಅಣ್ಣ ಎಂದರೆ ದೊಡ್ಡಪ್ಪನ ಮಗ. ಇದನ್ನು ಈಗ ನಿಮಗೋಸ್ಕರ ಹೇಳುತ್ತಿದ್ದೇನೆಯೇ ಹೊರತು ನಮ್ಮ ಮನೆಯಲ್ಲಿ ಯಾರೂ ಹೀಗೆ ಬಿಡಿಸಿ ಹೇಳುತ್ತಿರಲಿಲ್ಲ. ಹೆತ್ತವರಿಬ್ಬರೂ ಪ್ಲೇಗಿನಲ್ಲಿ ಹೋದ ಮೇಲೆ ಅವನು ಬೆಳೆದದ್ದು ನಮ್ಮವ್ವನ ಮಡಿಲಲ್ಲಿ. ನಮ್ಮಪ್ಪನೇ ಅವನಿಗೆ ಅಪ್ಪ, ನಮ್ಮವ್ವನೇ ಅವ್ವ. ಒಂದೇ ಕಂಬಳಿಗೆ ಕಿತ್ತಾಡಿಕೊಂಡು ಮಲಗಿದವರು ನಾವು.

ಸಮುದ್ರದ ವರ್ಣನೆ ನನ್ನಿಂದಾಗದು. ವಾಂತಿ ಮಾಡಿಕೊಳ್ಳುತ್ತಲೇ ಬೇಯಿಸಿದೆ, ದೊರೆ ಚಪ್ಪರಿಸಿಕೊಂಡು ತಿಂದ.

ಬಂದರಿನಲ್ಲಿ ಹಳದಿ ಬಾವುಟ ಏರಿಸಿಕೊಂಡು ಕಾದೆವು. ಡಾಕ್ಟರು ಬಂದು ರೋಗವಿಲ್ಲ ಎನ್ನುವ ತನಕ ಅದನ್ನು ಇಳಿಸುವ ಹಾಗಿಲ್ಲ. ಡಾಕ್ಟರು ನನ್ನ ನಾಲಿಗೆ ನೋಡಿದ, ತೋಳಿನ ಮೇಲೆ ಸಿಡುಬಿಗೆ ದೇವಿ ಹಾಕಿದ ಗುರುತು ನೋಡಿದ, ಆಮೇಲೆ ದೊರೆಯ ಜೊತೆ ಕೂತು ವಿಸ್ಕಿ ಕುಡಿದ. ದೊರೆಯ ತಪಾಸಣೆ ಅಷ್ಟಕ್ಕೇ ಮುಗಿಯಿತು. ನನ್ನನ್ನು ಮಾತ್ರ ದಡದ ಕಚೇರಿಗೆ ಕರೆದೊಯ್ದರು.

ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೋಟು, ಟೈ, ಕೈಯಲ್ಲಿ ಹ್ಯಾಟು. ನನಗೆ ಕಣ್ಣು ತುಂಬಿ ಬಂತು. ಮೇಜಿನ ಹಿಂದಿದ್ದ ಬಿಳಿಯ ಅಧಿಕಾರಿ ಅವನನ್ನು ಹೊರಗೇ ನಿಲ್ಲಿಸಿ ನನ್ನನ್ನು ಕೇಳಿದ:

"ಅವನು ನಿನಗೇನಾಗಬೇಕು?"

"ಬ್ರದರ್, ಸಾರ್."

"ಒಂದೇ ತಂದೆ ತಾಯಿಯ ಮಕ್ಕಳೋ?"

"ಹೌದು ಸಾರ್."

ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಆಮೇಲೆ ಅಣ್ಣನನ್ನು ಒಳಗೆ ಕರೆದು ತಂದೆಯ ಹೆಸರು ಕೇಳಿದ. ಅಣ್ಣ ದೊಡ್ಡಪ್ಪನ ಹೆಸರು ಹೇಳಿದ. ಆ ಹೆಸರು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿ ನನ್ನ ಕಾಗದದಲ್ಲಿದ್ದ ನಮ್ಮಪ್ಪನ ಹೆಸರಿನ ಮೇಲೆ ಬೆರಳಿಟ್ಟ.

"ಹಾಗಾದರೆ ಇವನು ನಿನ್ನ ತಮ್ಮನೋ, ಅಲ್ಲವೋ?"

ಅಣ್ಣ ನನ್ನ ಕಡೆ ನೋಡಲಿಲ್ಲ. "ನೋ ಸಾರ್. ಕಸಿನ್" ಎಂದ.

ಅವನಿಗೆ ಇಂಗ್ಲಿಷು ನೀರು ಕುಡಿದಷ್ಟು ಸುಲಭ. ನಮ್ಮಲ್ಲಿ ಹೀಗೇ ಕರೆಯುತ್ತೇವೆ, ಒಂದೇ ಮನೆಯಲ್ಲಿ ಬೆಳೆದೆವು ಎಂದು ಒಂದು ಮಾತು ಹೇಳಬಹುದಿತ್ತು. ಹ್ಯಾಟಿನ ಧೂಳು ಕೊಡವಿದ. ಕಸಿನ್ ಎಂದಿದ್ದರೂ ಇಳಿಯಲು ಬಿಡುತ್ತಿದ್ದೆ, ಸುಳ್ಳು ಹೇಳಿದವನನ್ನು ಬಿಡಲಾರೆ ಎಂದು ಅಧಿಕಾರಿ ನನ್ನನ್ನು ಬೊಂಬಾಯಿಗೆ ಹೊರಡುವ ಮೊದಲ ಹಡಗಿನಲ್ಲೇ ವಾಪಸು ಕಳಿಸಲು ಹೇಳಿದ.

ಹೊರಗೆ ಬಂದ ಮೇಲೆ ಅಣ್ಣ ನನಗೇ ಬೈದ. "ಬ್ರದರ್ ಬ್ರದರ್ ಅಂತ ಯಾಕ್ ಬಡ್ಕೊಂಡೆ? ನನ್ ಕೆಲ್ಸಕ್ಕೂ ಸಂಚಕಾರ ತಂದ್ಬುಡ್ತಿದ್ದೆ ಕಣೋ!"

"ಮತ್ತೇನ್ ಅನ್ಬೇಕಿತ್ತಣ್ಣ?"

ಅವನು ಗಡಿಯಾರ ನೋಡಿಕೊಂಡು, ಮಂಡಿಗೆ ಹೊತ್ತಾಯಿತು ಎಂದು ಹೊರಟುಹೋದ. ಊರಿನ ಸುದ್ದಿ ಕೇಳಲಿಲ್ಲ. ಅವ್ವ ಬದುಕಿದ್ದಾಳೆಯೇ ಎಂದೂ ಕೇಳಲಿಲ್ಲ.

ಮೈಸೂರಿಗೆ ಬಂದಾಗ ಅವ್ವ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನಾನು ಯಾಕೆ ವಾಪಸು ಬಂದೆ ಎಂಬುದು ಅವಳಿಗೆ ಆಮೇಲಿನ ಮಾತು.

"ನನ್ ದೊಡ್ಮಗ ಎಂಗವ್ನೆ ಕಣ್ಲಾ? ನನ್ನ ಕೇಳ್ದ್ನಾ?"

"ಕೇಳ್ದ ಕಣವ್ವ. ದಿನಾ ನೆನೆಸ್ಕತಾನಂತೆ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಆ ಸುದ್ದಿ ಹೇಳಿಬಂದಿದ್ದಳು. ಅವನು ನನ್ನನ್ನು ತಮ್ಮನಲ್ಲ ಎಂದದ್ದನ್ನು ಎಂದಾದರೊಂದು ದಿನ ಮರೆತರೂ ಮರೆತೇನು. ಅವ್ವನ ಎದುರು ಅವನನ್ನು ಮಗನಾಗಿ ಉಳಿಸುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದನಲ್ಲ, ಅದಕ್ಕೆ ಮಾತ್ರ ಅವನನ್ನು ಕ್ಷಮಿಸಲಾರೆ.