ಮಗು ನಕ್ಕಿತು, ಅರ್ಲೀನ್ ಊಟ ಹಾಕಿದರು

ಅರ್ಲೀನ್ ಬೆನಾಲಿ ಅಮೆರಿಕದ ಅರಿಜೋನಾದವರು, ನವಾಹೋ ಎಂಬ ಮೂಲನಿವಾಸಿ ಬುಡಕಟ್ಟಿನ ಕವಿ. ಚಿಕ್ಕಂದಿನಲ್ಲಿ ವಸತಿಶಾಲೆಯಲ್ಲಿ ಮನೆಮಾತು ಆಡಿದ ತಪ್ಪಿಗೆ ಸೋಪಿನಿಂದ ಬಾಯಿ ತೊಳೆಸಿಕೊಂಡವರು. ಆ ಭಾಷೆಯನ್ನು ಬರೆಯಲು ಕಲಿತದ್ದು ಮೂವತ್ತು ದಾಟಿದ ಮೇಲೆ. ಆಮೇಲೆ ಬಿಡಲಿಲ್ಲ, ಇಪ್ಪತ್ತೆರಡು ವರ್ಷ ಊರಿನ ಶಾಲೆಯಲ್ಲಿ ಅದನ್ನೇ ಕಲಿಸಿದರು, ಎರಡು ಕವನ ಸಂಕಲನ ತಂದರು. ನಿವೃತ್ತರಾಗಿ ಜರ್ಮನಿಯ ರೆನ್ನಿಂಗೆನ್‌ನಲ್ಲಿದ್ದ ಮಗಳ ಮನೆಗೆ ಬಂದವರು, ಸುಮ್ಮನೆ ಕೂರಲಾಗದೆ ಇಂಗ್ಲಿಷಿನಲ್ಲಿ ಕವಿತೆ ಬರೆಯುವ ಸಂಜೆ ತರಗತಿ ಶುರುಮಾಡಿದರು.

ಮೊದಲ ದಿನವೇ ಕೌಬಾಯ್ ಸಿನಿಮಾ ನೋಡಿ ಬೆಳೆದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ನಿಮ್ಮ ಕುದುರೆ ಎಲ್ಲಿ ಎಂದು ವಿಚಾರಿಸಿದರು.

"ಡ್ರೈವಿಂಗ್ ಕಲಿತ ಮೇಲೆ ಬಿಟ್ಟೆ" ಎಂದರು ಅರ್ಲೀನ್.

ಆ ತರಗತಿಗೆ ಮೈಸೂರಿನ ಕೀರ್ತಿ ತನ್ನ ನಾಲ್ಕು ತಿಂಗಳ ಮಗಳು ಅಮೂಲ್ಯಾಳನ್ನೂ ಎತ್ತಿಕೊಂಡು ಬರುತ್ತಿದ್ದಳು. ಒಂದು ಸಂಜೆ ಅರ್ಲೀನ್ ತಮ್ಮದೊಂದು ನವಾಹೋ ಕವನ ಓದಿದರು. ಹಿಮದಲ್ಲಿ ಕಳೆದುಹೋದ ಆಡನ್ನು ಕುರಿತ ಶೋಕಗೀತೆ. ಆಡಿಗೆ ಅವರ ಭಾಷೆಯಲ್ಲಿ 'ತ್ಲಿಝೀ'. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರೆ, ಆ ಶಬ್ದ ಬಂದಾಗಲೆಲ್ಲ ಅಮೂಲ್ಯಾ ಕಿಲಕಿಲ ನಕ್ಕಳು.

"ಸಾರಿ ಮೇಡಂ, ಇವಳು ಇದುವರೆಗೂ ಹೀಗೆ ನಕ್ಕೇ ಇರಲಿಲ್ಲ" ಎಂದಳು ಕೀರ್ತಿ.

ಅರ್ಲೀನ್ ಪುಸ್ತಕ ಮುಚ್ಚಿದರು. "ಮೊದಲ ನಗುವಾ? ಹಾಗಾದರೆ ಊಟ ಹಾಕೋದು ನಾನು."

ಅವರಲ್ಲಿ ಮಗುವನ್ನು ಮೊದಲು ನಗಿಸಿದವರು ಔತಣ ಕೊಡಬೇಕು. ಬಂದವರಿಗೆಲ್ಲ ಮಗುವಿನ ಕೈಯಿಂದ ಉಪ್ಪು ಕೊಡಿಸಬೇಕು. ಅಂಥ ಮಗು ಕೊಡುಗೈ ದಾನಿಯಾಗಿ ಬೆಳೆಯುತ್ತದೆಂದು ನಂಬಿಕೆ.

ಭಾನುವಾರ ಇಡೀ ತರಗತಿ ಅರ್ಲೀನರ ಮನೆಯಲ್ಲಿ ಸೇರಿತು. ಮೈಸೂರಿನಿಂದ ಬಂದಿದ್ದ ಕೀರ್ತಿಯ ಅತ್ತೆ ವಿಜಯಮ್ಮ ಎಣ್ಣೆಯಲ್ಲಿ ಕರಿದ ರೊಟ್ಟಿ ನೋಡಿ, "ಇದು ನಮ್ಮ ಪೂರೀನೇ, ಸ್ವಲ್ಪ ದಪ್ಪ ಅಷ್ಟೆ" ಎಂದು ಎರಡು ಹಾಕಿಸಿಕೊಂಡರು. ಉಪ್ಪಿನ ಬಟ್ಟಲು ಬಂದಾಗ ಮಾತ್ರ ಎದ್ದು ನಿಂತರು.

"ಉಪ್ಪನ್ನ ಕೈಯಿಂದ ಕೈಗೆ ಕೊಡಬಾರದು ಕಣೇ, ಜಗಳ ಆಗುತ್ತೆ. ಹೇಳು ಅವರಿಗೆ."

ಕೀರ್ತಿ ಇಂಗ್ಲಿಷಿನಲ್ಲಿ ಹೇಳಿದಳು. ಅರ್ಲೀನ್ ಬಟ್ಟಲು ಕೆಳಗಿಟ್ಟರು. "ಕೊಡಬೇಕು ಅಂದದ್ದು ನಮ್ಮಜ್ಜಿ, ಕೊಡಬಾರದು ಅಂದದ್ದು ನಿಮ್ಮಜ್ಜಿ. ಇಬ್ಬರಲ್ಲಿ ಯಾರನ್ನೂ ಎದುರು ಹಾಕಿಕೊಳ್ಳೋ ಧೈರ್ಯ ನನಗಿಲ್ಲ."

ದಾರಿ ಹುಡುಕಿದ್ದು ವಿಜಯಮ್ಮನೇ. "ಮಗು ತಟ್ಟೆಗೆ ಉದುರಿಸಲಿ, ನಾವು ತಟ್ಟೆಯಿಂದ ತಗೊಳ್ಳೋಣ."

ಅರ್ಲೀನ್ ಪುಟ್ಟ ಮುಷ್ಟಿ ಹಿಡಿದರು, ವಿಜಯಮ್ಮ ತಟ್ಟೆ ಹಿಡಿದರು. ಅರ್ಧ ಉಪ್ಪು ಪೋಸ್ಟ್‌ಮಾಸ್ಟರರ ಬೂಟಿನ ಮೇಲೆ ಬಿತ್ತು.

ಅರ್ಲೀನರ ಹತ್ತು ವರ್ಷದ ಮೊಮ್ಮಗಳು ಲಿಯೋನಿ, ಅಜ್ಜಿ ಏನೇ ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುವವಳು, ಒಂದು ಉಪ್ಪಿನ ಹರಳು ಚೀಪುತ್ತ ಹತ್ತಿರ ಬಂದಳು. "ಓಮಾ," ಎಂದಳು, ಜರ್ಮನ್ನರು ಅಜ್ಜಿಯನ್ನು ಕರೆಯುವಂತೆ. "ಇದಕ್ಕೆ ನಿನ್ನ ಭಾಷೆಯಲ್ಲಿ ಏನಂತಾರೆ?"

"ಆಶೀಹ್."

ಹುಡುಗಿ ಎರಡು ಸಲ ಹೇಳಿ ನೋಡಿದಳು. ಅರ್ಲೀನ್ ಒಳಗೆ ಹೋಗಿ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದ ಪಾಠಪುಸ್ತಕ ಹುಡುಕಿ ತಂದರು.

ಮುಂದಿನ ಶನಿವಾರದಿಂದ ಅವರ ಅಡುಗೆಮನೆಯಲ್ಲಿ ನವಾಹೋ ಪಾಠ ಶುರುವಾಯಿತು. ವಿದ್ಯಾರ್ಥಿಗಳು ಇಬ್ಬರು: ಲಿಯೋನಿ, ವಿಜಯಮ್ಮ. ವಿಜಯಮ್ಮನಿಗೆ ಕನ್ನಡದಲ್ಲಿ ಹೇಳಲು ಪಕ್ಕದಲ್ಲಿ ಕೀರ್ತಿ. ಬಂಧುಗಳ ಪಾಠದ ದಿನ ವಿಜಯಮ್ಮನಿಗೆ ತಿಳಿದದ್ದು ಇದು: ತಾಯಿಯ ತಂಗಿಯನ್ನು ನವಾಹೋಗಳು ಕರೆಯುವ ಹೆಸರಿನ ಅರ್ಥ 'ನನ್ನ ಚಿಕ್ಕ ಅಮ್ಮ'.

"ಚಿಕ್ಕಮ್ಮ ಅನ್ನೋದಕ್ಕೆ ಇಷ್ಟು ದೂರ ಬಂದು ಪಾಠ ಹೇಳಿಸಿಕೊಂಡೆನಲ್ಲ" ಎಂದು ನಗುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.