ಖಾಲಿ ಆಕಾಶಕ್ಕೊಂದು ಚೌಕಟ್ಟು

ಡಾಟ್‌-ಕಾಂ ಜ್ವರದ ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಷೇರಿನ ಮಾತಾಡದವಳು ನಾನೊಬ್ಬಳೇ. ಹೇವರ್ಡ್ ಆಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರಜ್ಞರಿಗೆ ಪಾಠ ಹೇಳುತ್ತಿದ್ದೆ. ಹತ್ತಾರು ರೇಡಿಯೋ ಆಂಟೆನಾಗಳು ಸೇರಿ ಹಿಡಿದ ಸಂಕೇತಗಳಿಂದ ಆಕಾಶದ ಚಿತ್ರ ಬಿಡಿಸುವ ಪಾಠ. ಆಂಟೆನಾಗಳ ನಡುವೆ ಜಾಗ ಖಾಲಿ ಇರುವುದರಿಂದ ಮೊದಲು ಬರುವ ಚಿತ್ರ ಕೊಳಕಾಗಿರುತ್ತದೆ, ತೊಳೆಯಬೇಕು. ನಿಜವಾದ ವಸ್ತು ಎಲ್ಲಿದೆ ಎನಿಸುತ್ತದೋ ಅಲ್ಲಿ ಮೌಸಿನಿಂದ ಚೌಕಟ್ಟು ಎಳೆದರೆ, ಅದರೊಳಗಿನದನ್ನಷ್ಟೇ ಕಂಪ್ಯೂಟರು ನಿಜವೆಂದು ನಂಬುತ್ತದೆ. ಮಹಾಪಂಡಿತರೂ ಇಲ್ಲಿ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗೀಚುತ್ತಿದ್ದರು. ನೋಡಲು ನನಗೆ ಬಲು ಖುಷಿ.

ಅಭ್ಯಾಸಕ್ಕೆ ನನ್ನದೇ ಸಂಶೋಧನೆಯ ಮಾಹಿತಿ ಕೊಡುತ್ತಿದ್ದೆ. ಒಂದು ಗ್ಯಾಲಕ್ಸಿಯಿಂದ ಓರೆಯಾಗಿ ಚಿಮ್ಮಿದ ತೆಳು ಎಳೆಯೊಂದನ್ನು ನಾನು ಕಂಡುಹಿಡಿದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದರ ಬಗೆಗಿನ ಪ್ರಬಂಧವನ್ನು ಪತ್ರಿಕೆ ಒಪ್ಪಿತ್ತು. ಅಚ್ಚಾದರೆ ನನ್ನ ತಾತ್ಕಾಲಿಕ ಕೆಲಸ ಖಾಯಂ. ಇಲ್ಲವಾದರೆ ನಾನೂ ನಾಯಿಬಿಸ್ಕತ್ತು ಮಾರುವ ವೆಬ್‌ಸೈಟು ಕಟ್ಟಬೇಕು.

ಆ ಸಲದ ತರಗತಿಯಲ್ಲಿ ಮೈಸೂರಿನ ಹಿರಿಯ ಪ್ರೊಫೆಸರೊಬ್ಬರಿದ್ದರು. ಮೌಸನ್ನು ದೋಸೆ ಮಗುಚುವ ಸಟ್ಟುಗದಂತೆ ಹಿಡಿಯುತ್ತಿದ್ದರು.

"ನಿಮ್ಮ ಎಳೆ ನಂಗೂ ಸಿಕ್ತಮ್ಮ," ಎಂದರು.

ನೋಡಿದರೆ ಎಳೆ ಇತ್ತು, ಗ್ಯಾಲಕ್ಸಿಯೇ ಇರಲಿಲ್ಲ. ಆ ಎಳೆಯ ಸುತ್ತ ನಾನು ಎಳೆದಿದ್ದ ಓರೆ ಚೌಕಟ್ಟನ್ನು ನಕಲು ಮಾಡಿ ಏನೂ ಇಲ್ಲದ ಮೂಲೆಯಲ್ಲಿ ಇಟ್ಟಿದ್ದರು.

"ರಾಂಗ್ ಪ್ಲೇಸು ಸರ್. ಅಲ್ಲೇನೂ ಇಲ್ಲ."

"ಏನೂ ಇಲ್ದಿದ್ರೆ ಇದೆಲ್ಲಿಂದ ಬಂತಮ್ಮ?"

ಉಳಿದವರಿಗೆ ಕನ್ನಡ ಬಾರದಿದ್ದದ್ದು ನನ್ನ ಪುಣ್ಯ.

ಊಟದ ಹೊತ್ತಿನಲ್ಲಿ ಒಬ್ಬಳೇ ಕೂತು ಅದೇ ಚೌಕಟ್ಟನ್ನು ಇನ್ನೂ ಐದು ಖಾಲಿ ಜಾಗಗಳಲ್ಲಿಟ್ಟು ತೊಳೆದೆ. ಐದರಲ್ಲೂ ಎಳೆ. ಸಂಕೇತಗಳಲ್ಲಿನ ಅರ್ಥವಿಲ್ಲದ ಗದ್ದಲವನ್ನು ತಿಕ್ಕಿ ತಿಕ್ಕಿ ನಾನೇ ಚೌಕಟ್ಟಿನ ಆಕಾರಕ್ಕೆ ತಂದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಮುದುಕರ ಮೇಲೆ ಸಿಟ್ಟು ಬಂತು.

ಅವರು ಬಂದು ಪಕ್ಕದಲ್ಲಿ ಕೂತು ಪರದೆ ನೋಡಿದರು. "ನಾನು ಬಾಯ್ಬಿಡಲ್ಲಮ್ಮ. ಬಿಟ್ರೂ ಯಾರ್ ನಂಬ್ತಾರೆ? ನಂಗೆ ಮೌಸು ಬರಲ್ಲ ಅಂತ ಎಲ್ರಿಗೂ ಗೊತ್ತು."

ಒಂದು ಗಳಿಗೆ, ಹಾಗೇ ಆಗಲಿ ಅನ್ನಿಸಿದ್ದು ಸುಳ್ಳಲ್ಲ.

ಮಧ್ಯಾಹ್ನ ನನ್ನ ಚಿತ್ರದಿಂದ ಗ್ಯಾಲಕ್ಸಿಯ ಭಾಗ ಕತ್ತರಿಸಿ, ನನ್ನದೊಂದು, ಪ್ರೊಫೆಸರರದೊಂದು, ಆ ಐದು, ಹೀಗೆ ಏಳೂ ಎಳೆಗಳನ್ನು ಗೋಡೆಗೆ ಅಂಟಿಸಿದೆ. ನಿಜವಾದದ್ದು ಯಾವುದೆಂದು ತರಗತಿಯವರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದನ್ನು ತೋರಿಸಿ ಜಗಳಕ್ಕೇ ನಿಂತರು. ಒಂದೂ ಅಲ್ಲ ಎಂದೆ. ಪ್ರಬಂಧ ವಾಪಸ್ ತೆಗೆದುಕೊಳ್ಳುತ್ತೇನೆಂದು ಪತ್ರಿಕೆಗೆ ಅವರೆದುರೇ ಈಮೇಲ್ ಕಳಿಸಿದೆ.

ಮುಂದಿನ ವರ್ಷ ಆ ತರಗತಿಗೆ ಪಾಠ ಹೇಳಲು ನನ್ನ ಜಾಗಕ್ಕೆ ಬೇರೆಯವರು ಬಂದರು. ಮೊದಲ ದಿನದ ಪಾಠವನ್ನು ನನ್ನ ಆ ಏಳು ಚಿತ್ರಗಳಿಂದಲೇ ಶುರುಮಾಡಿದರಂತೆ.